ನೆಳ್ಳಾಗ ಇಟ್ಟ ದನಿ

ನನ್ನ ಗಂಟಲಾಗ ಈಗ ದನಿ ಇಲ್ಲ. ರೋಗದ ಜೋಡಿ ಡಾಕ್ಟರು ಅದನ್ನೂ ಕೊಯ್ದು ತಗದ್ರು. ಕುತಗಿಯ ಬುಡಕ್ಕ ಒಂದು ತೂತು ಬಿಟ್ಟಾರ, ಅದರಿಂದ ಉಸರಾಡ್ತೀನಿ, ಧೂಳು ಹೋಗಬಾರದಂತ ಅದರ ಮ್ಯಾಲ ಒಂದು ತೆಳ್ಳನ ಬಟ್ಟಿ ಕಟಗೋತೀನಿ. ಮಾತಾಡಬೇಕಂದ್ರ ಕೈಯಾಗ ಮಷಿನ್ ಹಿಡೀಬೇಕು. ಸಣ್ಣ ಟಾರ್ಚಿನಷ್ಟು ಅದ. ಅದನ್ನ ಗದ್ದದ ಕೆಳಗ ಒತ್ತಿ, ಗುಂಡಿ ಅದುಮಿ ಬಾಯಿ ಆಡಿಸಿದ್ರ ಡಬ್ಬ್ಯಾಗ ಸಿಕ್ಕ ಗುಂಗಿಹುಳದಂಥಾ ಒಂದು ದನಿ ಹೊರಡ್ತದ. ಕೇಳಿದ ಮಂದಿ ಮೊದಲು ಬೆಚ್ಚತಾರ, ಆಮ್ಯಾಲ ನಗತಾರ, ಆಮ್ಯಾಲ ನಾ ಬೈಯೂದು ಕೇಳಿ ಸುಮ್ಮನಾಗ್ತಾರ. ದನಿ ಹೋತು ಖರೆ, ಸಿಟ್ಟು ಎಲ್ಲೂ ಹೋಗಿಲ್ಲ.

ಹೆಸರು ಫಕೀರಪ್ಪ. ಊರು ಗದಗ ಕಡೆ, ಆದ್ರ ಮೀಸಿ ಮೂಡಿದ್ದು, ಹಣ್ಣಾಗಿದ್ದು ಎಲ್ಲಾ ಪುಣೆದಾಗ. ಕ್ಯಾಂಪಿನ ಒಂದು ಬಟ್ಟಿ ಅಂಗಡ್ಯಾಗ ಗುಮಾಸ್ತ ಇದ್ದೆ. ಗಲ್ಲೆಕ್ಕ ಕೂತು ಒಮ್ಮೆ ಕೂಗಿದ್ರ ಹಿಂದಿನ ಓಣ್ಯಾಗಿನ ಗೋದಾಮಿನಿಂದ ಬಟ್ಟಿ ಥಾನು ಬರ್ತಿದ್ವು. ಸೇಠಜಿ ಮನಿಗೆ ಇಂಟರಕಾಮ್ ಹಾಕಿಸಿಕೊಂಡ್ರು, ಅಂಗಡಿಗೆ ಹಾಕಸಲಿಲ್ಲ. ಫಕೀರಪ್ಪ ಅದಾನಲ್ಲ, ಸಾಕು ಅಂತಿದ್ರು.

ಆಷಾಢ ಬಂತಂದ್ರ ನಾವು ಪಂಢರಪುರಕ್ಕ ನಡಕೊಂಡು ಹೋಗೋ ಮಂದಿ, ಆ ನಡಗಿಗೆ ವಾರಿ ಅಂತಾರ. ಸಂತರ ಪಾಲಖಿ ಹಿಂದ ಒಂದೊಂದು ಗುಂಪು ಕೂಡಿ ನಡೀತದ, ಅದಕ್ಕ ದಿಂಡಿ ಅಂತಾರ. ನಮ್ಮದು ಪುಣೆ ಕನ್ನಡ ಮಂದಿಯ ಸಣ್ಣ ದಿಂಡಿ. ಸ್ವಾರಗೇಟಿನ ಸುತ್ತಮುತ್ತಿನವರು, ಊರ ಕಡೆಯಿಂದ ಬರೋ ನಾಕು ಮುದುಕ್ಯಾರು, ಹಾಸಿಗಿ-ಪಾತ್ರಿ ಹೊರಾಕ ಒಂದು ಟ್ರಕ್ಕು. ಅದರಾಗ ನನ್ನ ಕೆಲಸ ಒಂದ: ಸಂಜೀಕ ಹೆಸರು ಕರಿಯೂದು.

ಇದು ಸಣ್ಣ ಕೆಲಸ ಅಂತ ತಿಳೀಬ್ಯಾಡ್ರಿ. ಆ ದಾರ್ಯಾಗ ಯಾರಿಗೂ ಹೆಸರು ಇರೂದಿಲ್ಲ. ಪೊಲೀಸನೂ ಮಾವುಲಿ, ಚಾ ಮಾರಾಂವನೂ ಮಾವುಲಿ, ಕಾಲು ತುಳದಾಂವನೂ ಮಾವುಲಿ. ಮಾವುಲಿ ಅಂದ್ರ ತಾಯಿ. ಭಾಳ ಚೊಲೋ ಮಾತು, ನಾ ಏನೂ ಅನ್ನೂದಿಲ್ಲ. ಆದ್ರ ಮುಂಜಾನಿಂದ ಹಂಗ ಕರಿಸಿಕೊಂಡು ನಡದ ಮ್ಯಾಲ, ರಾತ್ರಿ ಇಳಕೊಳ್ಳೋ ಠಿಕಾಣಿ ಮುಟ್ಟೂದ್ರಾಗ ಮುದುಕರಿಗೆ ತಾವು ಯಾರು ಅನ್ನೂದ ಮಸಕಾಗಿರ್ತದ. ಆಗ ನಾ ಟ್ರಕ್ಕಿನ ಹಿಂದಿನ ಹಲಗಿ ಮ್ಯಾಲ ನಿಂತು ಒಬ್ಬೊಬ್ಬರನ್ನ ಪೂರಾ ಹೆಸರು ಹಿಡದು ಕರೀತಿದ್ದೆ. ಅವರು ಕೂತಲ್ಲಿಂದ ‘ಓ’ ಅನ್ನಬೇಕು. ಓ ಬರಲಿಲ್ಲಂದ್ರ ಹುಡುಕಾಕ ನಾಕು ಮಂದಿ ಹೊರಡಬೇಕು. ಎಲ್ಲಾರೂ ಓ ಅನ್ನೂತನಕ ನಮ್ಮ ದಿಂಡ್ಯಾಗ ಯಾರೂ ಉಣ್ಣಾಕ ಕೂಡೂದಿಲ್ಲ.

ಆಪರೇಶನ್ ಆದ ಮ್ಯಾಲ ವಾರಿ ತಪ್ಪಿತ್ತು. ಈ ವರ್ಷ ಹೋಗ್ತೀನಿ ಅಂತ ನಾ ಹೇಳಿ ಕಳಸಿದ ಕೂಡಲೆ ಮಧುಕರ್ ಪೇಢೆ ಡಬ್ಬಿ ಹಿಡಕೊಂಡು ಮನಿಗೆ ಬಂದ. ಮಧುಕರ್ ಅಂದ್ರ ನಮ್ಮ ದಿಂಡಿ ನಡಸಾಂವ, ಪಾತ್ರಿ ವ್ಯಾಪಾರಿ, ವಯಸ್ಸಿನ್ಯಾಗ ನನಗಿಂತ ಭಾಳ ಸಣ್ಣಾಂವ. ನನ್ನ ಮೈಗೆ ಹುಷಾರದ ಏನು, ನಡ್ಯಾಕ ಆಗ್ತದೇನು ಅಂತ ಎಲ್ಲಾ ಕೇಳಿದ. ಕಡೀಕ, ಕಾಕಾ, ನೀವು ಆರಾಮ ನಡೀರಿ, ಈ ಸಲ ಹೆಸರು ನಾ ಕರೀತೀನಿ ಅಂದ. ಭಾಳ ಮೆತ್ತಗ ಅಂದ. ಬೈದ್ರ ತಡಕೋತೀನಿ, ಕನಿಕರ ಮಾಡಿದ್ರ ನನಗ ಮೈಯೆಲ್ಲಾ ಉರೀತದ. ಮಷಿನ್ ಗದ್ದಕ್ಕ ಹಚ್ಚಿದೆ.

‘ಹೆಸರು ಕರ್ಯಾಂವ ನಾನ.’

ಅಂವ ಜಗಳಾಡಲಿಲ್ಲ. ಮಷಿನ್ ನಡುವ ಬಂದಾತು ಅಂದ್ರ ಅಂತ ಕೇಳಿದ. ಪೇಢೆ ನುಂಗಿದಂಗ ಆ ಮಾತು ನುಂಗಾಕ ಆಗಲಿಲ್ಲ, ಯಾಕಂದ್ರ ಅಂವ ಹೇಳಿದ್ದು ಖರೆ ಇತ್ತು. ಈ ಮಷಿನ್ನಿನ ಬ್ಯಾಟರಿ ಬ್ಯಾರೆಯವರಿಗೆ ಎರಡು ಮೂರು ದಿನ ಬರ್ತದಂತ, ನನಗ ಸಂಜೀತನಕ ಬರೂದು ಕಷ್ಟ. ಬಾಯಿ ನಂದು, ಏನು ಮಾಡಲಿ. ಠಿಕಾಣ್ಯಾಗ ಚಾರ್ಜಿಂಗಿಗೆ ಅಂತ ಒಂದು ಹಲಗಿ ಇರ್ತದ, ಅದಕ್ಕ ಊರ ಮೊಬೈಲೆಲ್ಲಾ ಜೋತು ಬಿದ್ದಿರ್ತಾವು. ಯಾರೋ ಪುಣ್ಯಾತ್ಮ ನಂದು ಕಿತ್ತು ತನ್ನದು ಹಚ್ಚಿ ಹೋಗ್ತಾನ. ಮೊಬೈಲ್ ಕಿತ್ತರ ಬೈಯಬಹುದು. ದನಿನ ಕಿತ್ತ ಮ್ಯಾಲ ಯಾವದರ್ಲೆ ಬೈಯೂದು?

ದಾರಿ ತೋರಿಸಿದಾಕಿ ನನ್ನ ಮಗಳು ತ್ರಿವೇಣಿ. ಚಾಕಣ ಕಡೆ ಒಂದು ಕಾರ್ಖಾನ್ಯಾಗ ಬ್ಯಾಟರಿ ಪರೀಕ್ಷಾ ಮಾಡೋ ಕೆಲಸ ಆಕೀದು, ಸ್ವಭಾವ ಪೂರಾ ನಂದು. ಒಂದು ಐತವಾರ ಪುಸ್ತಕದಂಗ ಮಡಚೋ ಸೋಲಾರ ಪ್ಯಾನೆಲ್ಲು, ಒಂದು ದಪ್ಪನ ಪವರ್ ಬ್ಯಾಂಕು, ಒಂದು ಉದ್ದನ ವೈರು ತಂದು ನನ್ನ ಮುಂದ ಇಟ್ಟಳು. ಬಿಸಲಿಲೆ ಪವರ್ ಬ್ಯಾಂಕ್ ತುಂಬಬೇಕು, ಪವರ್ ಬ್ಯಾಂಕಿಲೆ ಮಷಿನ್ ತುಂಬಬೇಕು, ಎರಡೂ ಒಮ್ಮೆ ಮಾಡಬಾರದು. ಪ್ಯಾನೆಲ್ಲು ಎಷ್ಟು ಬೇಕಾದ್ರೂ ಕಾಯಲಿ, ಪವರ್ ಬ್ಯಾಂಕ್ ಮಾತ್ರ ಯಾವಾಗಲೂ ನೆಳ್ಳಾಗ ಇರಬೇಕು. ಇದನ್ನ ನನಗ ಎರಡು ಸಲ ಹೇಳಿದಳು. ತನ್ನ ಅವ್ವಗ ಹೇಳಲಿಲ್ಲ. ಅಡಗಿ ಮನ್ಯಾಗ ಇದ್ದ ಅವ್ವಗ ಇದಕ್ಕೂ ಏನು ಸಂಬಂಧ ಅಂತ ನಾವಿಬ್ಬರೂ ತಿಳಕೊಂಡ್ವಿ.

ನಮ್ಮ ಮನಿ ಕಡೀ ಮಜಲಿನ್ಯಾಗ ಅದ, ಮ್ಯಾಲ ಗಚ್ಚಿ. ಬ್ಯಾಸಗ್ಯಾಗ ಆ ಗಚ್ಚಿ ನಮ್ಮಾಕಿಯ ರಾಜ್ಯ. ನಮ್ಮಾಕಿ ಅಂದ್ರ ನನ್ನ ಹೆಂಡತಿ. ಹೊರಸಿನ ಮ್ಯಾಲ ಸೀರಿ ಹಾಸಿ ಸಂಡಗಿ ಇಟ್ಟಿದ್ದಳು, ಇನ್ನೊಂದು ಕಡೆ ಮೆಣಸಿನಕಾಯಿ. ನಾ ಪ್ಯಾನೆಲ್ಲು ಬಿಸಲಾಗ ಬಿಚ್ಚಿಟ್ಟೆ, ವೈರು ಜಗ್ಗಿ ಪವರ್ ಬ್ಯಾಂಕನ್ನ ನೀರಿನ ಟಾಕಿ ನೆಳ್ಳಾಗ ಇಟ್ಟೆ. ಸಂಜೀತನಕ ಕಾಯೂದು ಯಾರು ಅಂತ ಮಷಿನ್ನೂ ಅದಕ್ಕ ಹಚ್ಚಿ, ಕೆಳಗ ಬಂದು ಅಡ್ಡಾದೆ.

ಸಂಡಗಿ ತಿರುವಾಕ ಬಂದ ನಮ್ಮಾಕಿ ನೋಡ್ಯಾಳ, ಬಿಸಲಿನ ಸಾಮಾನು ನೆಳ್ಳಾಗ ಬಿದ್ದದ. ಲಗ್ನಾದಾಗಿಂದ ಹಪ್ಪಳ ಸಂಡಗಿ ಒಣಿಸಿದ ಹೆಣಮಗಳು. ನೆಳ್ಳಾಗ ಇಟ್ಟದ್ದು ಬೂಸಲು ಹಿಡೀತದ, ಬಿಸಲಾಗ ಇಟ್ಟದ್ದು ವರ್ಷಗಟ್ಟಲೆ ಬಾಳತದ, ಇದು ಆಕಿ ಶಾಸ್ತ್ರ. ಗಂಡನ ದನಿ ಹಸೀನ ಉಳೀಬಾರದಂತ ಅದನ್ನ ಎತ್ತಿ ಸಂಡಗಿ ನಟ್ಟನಡುವ, ಚೊಲೋ ಬಿಸಲು ಬೀಳೋ ಜಾಗಾದಾಗ ಇಟ್ಟಾಳ. ಅಷ್ಟಕ್ಕ ಬಿಟ್ಟಿಲ್ಲ. ಕಾಗಿ ಒಯ್ದೀತಂತ ಮ್ಯಾಲ ಒಂದು ಕರೇ ಪ್ಲಾಸ್ಟಿಕ್ ಹಾಳಿ ಹೊಚ್ಚಿ, ಮೂಲಿ ಮೂಲಿಗೆ ಕಲ್ಲು ಹೇರ್ಯಾಳ. ನನ್ನ ಮ್ಯಾಲ ಆಕಿಗಿರೋ ಕಾಳಜಿ ಅಷ್ಟೂ ಆ ಹಾಳಿ ಕೆಳಗ ಕುದ್ಯಾಕ ಹತ್ತಿತ್ತು.

ನಾ ಎದ್ದು ಮ್ಯಾಲ ಹೋದಾಗ ಆಕಿ ಆ ಕಡೆ ಮೆಣಸಿನಕಾಯಿ ಆರಸ್ತಿದ್ದಳು. ನನಗೀಗ ವಾಸನಿ ಹತ್ತೂದಿಲ್ಲ, ಮೂಗಿಗೆ ಉಸರ ಬಂದ್ರಲ್ಲ. ಕಣ್ಣಿಗೆ ಬಿತ್ತು: ಪ್ಲಾಸ್ಟಿಕ್ ಹಾಳಿ ನಡುವ ಉಬ್ಬೇದ, ಅದರ ಅಂಚಿನಿಂದ ಬೆಳ್ಳನ ಹೊಗಿ ಎಳಿ ಎಳಿಯಾಗಿ ಬರ್ತದ. ಅಷ್ಟರಾಗ ನಮ್ಮಾಕಿನೂ ನೋಡಿದಳು. ಅಯ್ಯ, ಸಂಡಗಿ ಹೊತ್ತತಾವು ಅಂತ ಓಡಿ ಬಂದು, ಹಾಳಿ ಕಿತ್ತೊಗದು, ಸೆರಗು ಕೈಗೆ ಸುತಿಗೊಂಡು ಆ ಉಬ್ಬಿದ ಡಬ್ಬಿ ಎತ್ತಾಕ ಬಗ್ಗಿದಳು.

ಮುಟ್ಟಬ್ಯಾಡ ಅಂತ ಒದರಬೇಕು. ಹ್ಯಾಂಗ ಒದರಲಿ? ಮಷಿನ್ ಆ ಡಬ್ಬಿಗೇ ಹಚ್ಚೇದ. ಸೀಟಿ ಹೊಡ್ಯಾಕ ಬರೂದಿಲ್ಲ, ಬಾಯಾಗ ಗಾಳಿ ಇಲ್ಲ. ಬದಕಿನ್ಯಾಗ ಎಷ್ಟು ಮಂದಿಗೆ ಬ್ಯಾಡದ ಮಾತು ಒದರಿದ್ದೆ, ಬೇಕಾದ ಒಂದು ಮಾತು ಆವತ್ತ ಹೊರಡಲಿಲ್ಲ. ಕಾಲಾಗ ಹಿಟ್ಟಿನ ಪಾತೇಲಿ ಇತ್ತು. ಅದನ್ನ ಎತ್ತಿ ಗಚ್ಚಿಗೆ ಅಪ್ಪಳಿಸಿದೆ. ಆ ಸಪ್ಪಳಕ್ಕ ಆಕಿ ನನ್ನ ಕಡೆ ತಿರುಗಿದಳು. ಓಡಿ ಹೋಗಿ ರಟ್ಟಿ ಹಿಡದು ಜಗ್ಗಿ ಟಾಕಿ ಹಿಂದ ಎಳಕೊಂಡು ಬಿದ್ದೆ. ಹಿಂದ ಭುಸ್ ಅಂತ ಬೆಂಕಿ ಎದ್ದಿತು. ಹೊರಸು, ಸೀರಿ, ಸಂಡಗಿ, ನನ್ನ ಮಷಿನ್, ಎಲ್ಲಾ ಕರ್ರಗಾದ್ವು. ಕೆಳಗಿನ ಮನಿಯವರು ಉಸುಕಿನ ಬಾದಲಿ ತಂದ್ರು, ಯಾರನ್ನೂ ಸಮೀಪ ಬಿಡದ ದೂರದಿಂದ ಹಾಕಿದ್ವಿ.

ನಮ್ಮಾಕಿ ಅಲ್ಲೇ ಕುಂತು ಅತ್ತಳು. ನಿಮ್ಮ ದನಿ ನನ್ನ ಕೈಯಾರೆ ಸುಟ್ಟೆ ಅಂತ ಎದಿ ಎದಿ ಬಡಕೊಂಡಳು. ನನಗ ಬೈಯಬೇಕಂತನೂ ಇತ್ತು, ಸಮಾಧಾನ ಮಾಡಬೇಕಂತನೂ ಇತ್ತು. ಎರಡಕ್ಕೂ ಮಷಿನ್ ಬೇಕು. ಸುಮ್ಮನ ಆಕಿ ಬೆನ್ನ ಮ್ಯಾಲ ಕೈ ಇಟ್ಟು ಕೂತೆ.

ದವಾಖಾನಿಯಿಂದ ಇನ್ನೊಂದು ಮಷಿನ್ ಬರೂತನಕ ನಾ ಮೂಕ. ಆ ಪುರಸೊತ್ತಿನ್ಯಾಗ ನನ್ನ ಬಿಟ್ಟು ಎಲ್ಲಾರೂ ನನ್ನ ವಿಚಾರ ಮಾತಾಡಿದ್ರು. ತ್ರಿವೇಣಿ ಬಂದು ಸುಟ್ಟ ಗಚ್ಚಿ ನೋಡಿ, ಮೊದಲು ಅವ್ವನ ಕೈ ತಿರುಗಿಸಿ ತಿರುಗಿಸಿ ನೋಡಿದಳು, ಆಮ್ಯಾಲ ನನಗ ಬೈದಳು. ಸೋಲಾರೂ ಬ್ಯಾಡ, ವಾರೀನೂ ಬ್ಯಾಡ, ಮನ್ಯಾಗ ಗ್ವಾಡಿಗೆ ಹಚ್ಚಿ ಚಾರ್ಜ್ ಮಾಡಿಕೊಂಡು ಕೂಡು ಅಂದಳು. ಮಧುಕರಗ ಸುದ್ದಿ ಮುಟ್ಟಿತ್ತು. ಟ್ರಕ್ಕಿನ್ಯಾಗ ಹಾಸಿಗಿ ಅದಾವ, ಅಡಗಿ ಸಿಲಿಂಡರ್ ಅದಾವ, ಅಂಥಾ ಸಾಮಾನು ಅದರಾಗ ಇಡಾಕ ಬಿಡೂದಿಲ್ಲಂತ ಹೇಳಿ ಕಳಿಸಿದ. ನಾ ಗ್ವಾಡಿಗೆ ಮುಖ ಮಾಡಿ ಮಲಗಿದ್ದೆ. ಹೋಗಾಂವ ಅಂದ್ರ ಹೋಗಾಂವ, ಕರ್ಯಾಂವ ಅಂದ್ರ ಕರ್ಯಾಂವ, ಆದ್ರ ಹ್ಯಾಂಗ ಅನ್ನೂದು ಹೊಳೀವಲ್ತಾಗಿತ್ತು.

ಎದ್ದು ನಿಂತಾಕಿ ನಮ್ಮಾಕಿ. ಕಣ್ಣು ಇನ್ನಾ ಕೆಂಪಗಿದ್ವು. ಮಗಳ ಮುಂದ ಕೂತು ಅಂದಳು:

‘ತಪ್ಪು ನನ್ನ ಕೈಲೆ ಆಗೇದ. ನಿಮ್ಮಪ್ಪಗ ಹೇಳಿದ್ದು ನನಗ ಹೇಳು. ಇನ್ನ ಮ್ಯಾಲ ಅದನ್ನ ನಾ ನೋಡಕೋತೀನಿ.’

ತ್ರಿವೇಣಿ ಅವ್ವನ ಮುಖ ನೋಡಿದಳು. ಮುಂದಿನ ಐತವಾರ ಇನ್ನೊಂದು ಪವರ್ ಬ್ಯಾಂಕ್ ತಂದಳು.

ಆ ದಿನದಿಂದ ನನಗ ಮನ್ಯಾಗ ಇಬ್ಬರು ಡಾಕ್ಟರು. ನಮ್ಮಾಕಿ ಓದಿದಾಕಿ ಅಲ್ಲ, ಆದ್ರ ಕೈ ಅಳತಿ ಬಲ್ಲಾಕಿ. ಕೂಸಿನ ಜ್ವರ ನೋಡಿದಂಗ ಹಿಂಗೈ ಇಟ್ಟು ನೋಡತಿದ್ದಳು. ಬೆಚ್ಚಗದ ಅಂದ್ರ ಇರಲಿ, ಬಿಸಿ ಅದ ಅಂದ್ರ ವೈರು ತಗೀ, ತಣ್ಣಗಾಗೂತನಕ ಮತ್ತ ಹಚ್ಚಬ್ಯಾಡ. ಮ್ಯಾಲ ಏನೂ ಹೊಚ್ಚಬಾರದು. ಹಾಸಿಗಿ ಮ್ಯಾಲ ಇಡಬಾರದು, ಕಲ್ಲಿನ ಮ್ಯಾಲ ಇಡಬೇಕು. ಹಸಿ ಆದ್ರ ಪೂರಾ ಆರೂತನಕ ಯಾವ ವೈರೂ ಮುಟ್ಟಸಬಾರದು. ಸ್ವಲ್ಪ ಉಬ್ಬಿದಂಗ ಕಂಡ್ರೂ ಮನಿ ಹೊರಗ, ಆಮ್ಯಾಲ ಹಳೇ ಬ್ಯಾಟರಿ ತಗೊಳ್ಳೋರ ಕಡೆ. ದವಾಖಾನಿಯಿಂದ ಬಂದ ಹೊಸಾ ಮಷಿನ್ ಹಿಡಕೊಂಡು ನಾ ಇಷ್ಟು ಹೆದರಿಕಿ ಯಾಕ, ಸ್ವಲ್ಪ ಬಿಸಿ ಇದ್ರೇನಾತು ಅಂದ್ರ ಆಕಿ ನನ್ನ ಮಾತಿಗೆ ಓ ಅನ್ನೂದ ಬಿಟ್ಟಿದ್ದಳು. ಗಚ್ಚಿ ಮ್ಯಾಲ ಆ ಕರೇ ಕಲೆ ಇನ್ನಾ ಇತ್ತು, ಆಕಿ ದಿನಾ ಅದರ ಬಾಜೂಕ ಕೂತು ಪವರ್ ಬ್ಯಾಂಕ್ ಕಾಯತಿದ್ದಳು.

ಮಧುಕರನನ್ನ ನಾನ ಕರಿಸಿದೆ. ಬಂದು ನೋಡು, ಆಮ್ಯಾಲ ಬ್ಯಾಡ ಅನ್ನು ಅಂತ ಹೇಳಿ ಕಳಿಸಿದ್ದೆ. ಅಂವ ಮಧ್ಯಾಹ್ನ ಬಂದ. ಪ್ಯಾನೆಲ್ಲು ಬಿಸಲಾಗ, ಅಂವ ಮತ್ತ ಪವರ್ ಬ್ಯಾಂಕ್ ಟಾಕಿ ನೆಳ್ಳಾಗ. ನಮ್ಮಾಕಿ ಅವನ ಕೈ ಹಿಡದು ಅದರ ಮ್ಯಾಲ ಇಡಿಸಿ, ಇಲ್ಲೇ ಕೂಡು ಅಂದಳು. ಚಾ ಕೊಟ್ಟಳು, ಚುರಮರಿ ಕೊಟ್ಟಳು, ಏಳಾಕ ಬಿಡಲಿಲ್ಲ. ಹೊತ್ತು ಇಳಿಯೂತನಕ ಕೂತು ಅಂವ ಕೈ ತಗದ. ಬರೇ ಬೆಚ್ಚಗದ ಕಾಕು ಅಂತ ಒಪ್ಪಿಕೊಂಡ. ಆದ್ರ ವ್ಯಾಪಾರಿ ಮನಿಷಾ, ಒಂದು ಕರಾರು ಹಾಕಿದ. ಟ್ರಕ್ಕಿನ್ಯಾಗ ಅದನ್ನ ಇಡಾಕ ಬಿಡೂದಿಲ್ಲ, ಮೈ ಮ್ಯಾಲ ಹೊತ್ಕೊಂಡು ನಡೀರಿ, ಕಣ್ಣ ಮುಂದ ಇರಲಿ. ದಾರ್ಯಾಗ ಒಂದು ದಿನ ದನಿ ನಿಂತ್ರೂ ಆವತ್ತಿನಿಂದ ಪಂಢರಪುರತನಕ ಹೆಸರು ತಾ ಕರ್ಯಾಂವ. ನಾ ಆತು ಅಂದೆ. ಅಂವ ಹೇಳಿದ ಕರಾರಿನ್ಯಾಗ ತಪ್ಪು ತಗ್ಯಾಕ ನನಗ ಜಾಗಾ ಸಿಗಲಿಲ್ಲ, ಅದಕ್ಕ ಇನ್ನಷ್ಟು ಸಿಟ್ಟು ಬಂತು.

ಮೈ ಮ್ಯಾಲ ಹೊರೂದು ಹ್ಯಾಂಗ? ಪ್ಯಾನೆಲ್ಲು ನನ್ನ ಬೆನ್ನಿಗೆ ಕಟ್ಟಿದ್ವಿ. ಅದರ ಕೆಳಗ ಚೀಲದಾಗ ಪವರ್ ಬ್ಯಾಂಕ್ ಇಟ್ರ ಕಾಯತದ. ಕಿಸೆದಾಗ ಇಟ್ರ ಬೆವರು. ಕಡೀಕ ನಮ್ಮಾಕಿನ ಬಗಿ ಹರಿಸಿದಳು. ಆಕಿ ಛತ್ರಿ ಹಿಡಕೊಂಡು ನನ್ನ ಹಿಂದ ನಡ್ಯಾಕಿ, ಪವರ್ ಬ್ಯಾಂಕ್ ಜಾಳಗಿ ಚೀಲದಾಗ ಆಕಿ ಛತ್ರಿ ನೆಳ್ಳಾಗ, ನನ್ನ ಬೆನ್ನಿನಿಂದ ಆಕಿ ಚೀಲದತನಕ ಉದ್ದನ ವೈರು. ಪುಣೆ ಬಿಟ್ಟ ಮುಂಜಾನೆ ಅದನ್ನ ನೋಡಿ ದಿಂಡಿಗೆ ದಿಂಡೀನ ನಕ್ಕಿತು. ಲಗ್ನದಾಗ ಸೆರಗಿಗೆ ಶಲ್ಯ ಗಂಟು ಹಾಕಿ ಅಗ್ನಿ ಸುತ್ತಿಸಿದಂಗ ಕಾಣತದ ಅಂತ ಮುದುಕ್ಯಾರು ಚಾಷ್ಟಿ ಮಾಡಿದ್ರು. ನಮ್ಮಾಕಿ ಛತ್ರಿ ಮುಖದ ಮುಂದ ಹಿಡದು ನಡದಳು. ನಾ ಮಷಿನ್ ಹಚ್ಚಿ, ನಿಮಗೇನು ಹೊಟ್ಟಿಕಿಚ್ಚು ಅಂದೆ. ಅವರು ಇನ್ನಷ್ಟು ನಕ್ಕರು.

ಮೋಡ ಇದ್ದದ್ದಕ್ಕ ತುಂಬೂದು ನಿಧಾನ ಆತು, ಆದ್ರ ಬಿಸಲು ಬಂದಾಗೊಮ್ಮೆ ಪವರ್ ಬ್ಯಾಂಕಿನ ದೀಪ ಮಿಣಮಿಣ ಅಂತಿತ್ತು. ಹಡಪ್ಸರದತನಕ ನಾ ಮಂದಿ ಜೋಡಿ ಮನಸಾರೆ ಮಾತಾಡಿದೆ. ಅದು ಶಾಣ್ಯಾತನ ಅಲ್ಲ, ಆದ್ರ ಎಷ್ಟೋ ದಿನದ ಮ್ಯಾಲ ಭೆಟ್ಟಿ ಆದ ಮಂದಿ, ಸುಮ್ಮನ ಹ್ಯಾಂಗ ಇರಲಿ. ಮಷಿನ್ ಸಂಜೀಕ ಠಿಕಾಣ್ಯಾಗ ತುಂಬಿಕೊಂಡ್ರಾತು, ಪವರ್ ಬ್ಯಾಂಕ್ ಅದ ಅಂತ ಧೈರ್ಯ ಇತ್ತು.

ಸಾಸವಡಕ್ಕ ಹೋಗಬೇಕಂದ್ರ ನಡುವ ದಿವೆ ಘಾಟ ಹತ್ತಬೇಕು. ಆ ಏರಿನ್ಯಾಗ ಮಂದಿ ಅಂದ್ರ ಮಂದಿ, ರಸ್ತಾ ಕಾಣೂದಿಲ್ಲ, ಬರೇ ತಲಿ ಕಾಣತಾವು. ನಮ್ಮ ವೈರಿನ್ಯಾಗ ಒಬ್ಬಾತ ಸಿಕ್ಕು ಮುಗ್ಗರಿಸಿದ. ನಮ್ಮಾಕಿ ಕೂಡಲೆ, ವೈರು ತಗೀರಿ, ಜಗ್ಗಿ ಜಗ್ಗಿ ಅದನ್ನ ಹಚ್ಚೋ ತೂತು ಕೆಟ್ಟೀತು ಅಂದು ತಾನ ಕಿತ್ತು ನನ್ನ ಕೈಯಾಗ ಕೊಟ್ಟಳು. ನಾ ಅದನ್ನ ಸುತ್ತಿ ಕಿಸೆದಾಗ ಇಡೂದ್ರಾಗ ಹಿಂದಿನಿಂದ ಒಂದು ನೂಕು ಬಂತು. ಮುಂದ ಹತ್ತು ಮಾರು ಹೋಗಿ ನಿಂತು ಹೊಳ್ಳಿ ನೋಡಿದೆ. ಛತ್ರಿ ಇರಲಿಲ್ಲ. ಅಂದ್ರ ಛತ್ರಿ ನೂರಾರು ಇದ್ವು, ಆಕಿದು ಯಾವುದು ಗೊತ್ತಾಗಲಿಲ್ಲ. ನಿಲ್ಲಾಕ ಯಾರೂ ಬಿಡಲಿಲ್ಲ. ಮಾವುಲಿ ಚಲಾ, ಮಾವುಲಿ ಚಲಾ ಅಂತ ನೂಕಿಕೊಂಡ ಹೋದ್ರು.

ಆಕಿ ಇಷ್ಟು ವರ್ಷ ಬಂದ ದಾರಿ, ಠಿಕಾಣಿ ಮುಟ್ಟತಾಳ ಅಂತ ಮನಸಿಗೆ ಹೇಳಿಕೊಂಡೆ. ಸಾಸವಡದಾಗ ನಮ್ಮ ಟ್ರಕ್ಕು ಪ್ರತಿ ಸಲದ ಜಾಗಾದಾಗ ಇರಲಿಲ್ಲ. ಅಲ್ಲಿ ಕೆಸರಾಗೇದಂತ ಪೊಲೀಸರು ಬ್ಯಾರೆ ಹೊಲಕ್ಕ ಕಳಿಸಿದ್ರು. ಹುಡುಕಿ ಮುಟ್ಟೂದ್ರಾಗ ನನಗ ಸಾಕಾತು. ಹೊತ್ತು ಮುಳಗಾಕ ಬಂದಿತ್ತು, ಸಣ್ಣಗ ಮಳಿ ಹತ್ತಿತ್ತು. ಒಬ್ಬೊಬ್ಬರಾಗಿ ಎಲ್ಲಾರೂ ಬಂದ್ರು. ನಮ್ಮಾಕಿ ಬರಲಿಲ್ಲ. ಮೊಬೈಲ್ ಹಚ್ಚಿದ್ರ ಹತ್ತಲಿಲ್ಲ, ಆ ಗದ್ದಲದಾಗ ಯಾರದೂ ಹತ್ತೂದಿಲ್ಲ.

ಮಷಿನ್ ನೋಡಿಕೊಂಡೆ. ಕೆಂಪ ದೀಪ ಬಡಕೋತಿತ್ತು. ಈ ಹೊಸಾ ಹೊಲದಾಗ ಚಾರ್ಜಿಂಗ್ ಹಲಗಿ ಇರಲಿಲ್ಲ. ತುಂಬಬೇಕಂದ್ರ ಪವರ್ ಬ್ಯಾಂಕ್ ಬೇಕು, ಪವರ್ ಬ್ಯಾಂಕ್ ಆಕಿ ಚೀಲದಾಗ.

ಮಧುಕರ್ ಸಣ್ಣ ಸ್ಪೀಕರಿನ ಮೈಕ್ ಹಿಡಕೊಂಡು ಬಂದ. ಕರಾರಿನ ಮಾತು ತಗೀಲಿಲ್ಲ, ಅಷ್ಟು ದೊಡ್ಡ ಮನಿಷಾ. ಕಾಕಾ, ಕಾಕುನ ಹೆಸರು ನಾ ಕೂಗತೀನಿ ಅಂದ, ಕೂಗಿದ. ಅವನ ದನಿ ಚೊಲೋ ಅದ. ಆದ್ರ ಆ ಬಯಲಿನ್ಯಾಗ ನೂರು ದಿಂಡಿಗೆ ನೂರು ಸ್ಪೀಕರು, ಎಲ್ಲಾವೂ ಕಳದವರ ಹೆಸರು ಕೂಗತಾವು, ಎಲ್ಲಾವೂ ಚೊಲೋ ದನಿ. ಯಾರ ಹೆಸರು ಯಾವ ಕಡೆಯಿಂದ ಬರ್ತದ ಅಂತ ದೇವರಿಗೂ ತಿಳೀಲಿಕ್ಕಿಲ್ಲ. ಮೂರು ಸಲ ಕೂಗಿ ಅಂವ ನನ್ನ ಮುಖ ನೋಡಿದ. ನನಗ ಹೆದರಿಕಿ ಬಂದಿತ್ತು, ಸುಳ್ಳು ಯಾಕ ಹೇಳಲಿ. ಗಚ್ಚಿ ಮ್ಯಾಲ ಪಾತೇಲಿ ಇತ್ತು, ಇಲ್ಲಿ ಏನು ಬಡೀಲಿ?

ಕೈ ಚಾಚಿ ಮೈಕ್ ತಗೊಂಡೆ. ಹಲಗಿ ಹತ್ತಿ ನಿಂತೆ.

ಮೊದಲು ಆಕಿ ಹೆಸರು ಕರದು ಬ್ಯಾಟರಿ ಮುಗಿಸಿದ್ರ ಉಳದ ಮುದುಕರ ಗತಿ ಏನು. ಕೆಲಸ ಅಂದ್ರ ಕೆಲಸ. ಮಷಿನ್ ಗದ್ದಕ್ಕ ಒತ್ತಿ ಮೊದಲಿನ ಹೆಸರಿನಿಂದ ಸುರು ಮಾಡಿದೆ. ಕೆಳಗ ಕೂತವರಿಗೆಲ್ಲಾ ಕೆಂಪ ದೀಪ ಕಾಣತಿತ್ತು. ಅವರು ನನಗ ಯಾರ ಹೆಸರೂ ಪೂರಾ ಹೇಳಾಕ ಬಿಡಲಿಲ್ಲ. ‘ಚನ್ನ’ ಅನ್ನೂದ್ರಾಗ ಚನ್ನವೀರ ಓ ಅಂದ. ‘ನೀಲಿ’ ಅನ್ನೂದ್ರಾಗ ನೀಲಿಮಾ ಓ ಅಂದಳು. ಕಿವಿ ಮಂದ ಇರೋ ಮುದುಕಿಗೆ ಬಾಜೂದಾಕಿ ಮೊಣಕೈಲೆ ತಿವದು ಓ ಅನಿಸಿದಳು. ದಿಂಡಿಗೆ ದಿಂಡೀನ ನನ್ನ ದನಿ ಉಳಸಾಕ ಹತ್ತಿತ್ತು. ಕಣ್ಣು ಮಂಜಾದ್ವು, ಒರಸಿಕೊಳ್ಳಾಕ ಕೈ ಖಾಲಿ ಇರಲಿಲ್ಲ.

ಎಲ್ಲಾ ಹೆಸರು ಮುಗದ್ವು, ಒಂದು ಉಳೀತು. ಇಷ್ಟು ವರ್ಷ ಆ ಹಲಗಿ ಮ್ಯಾಲ ನಿಂತು ಊರ ಹೆಸರೆಲ್ಲಾ ಕರದೇನಿ, ಆಕಿ ಹೆಸರು ಒಮ್ಮೆಯೂ ಕರದಿಲ್ಲ. ನಮ್ಮಲ್ಲಿ ಗಂಡ ಹೆಂಡತಿ ಹೆಸರು ಹಿಡದು ನಾಕು ಮಂದ್ಯಾಗ ಕರಿಯೂದು ರೂಢಿ ಇಲ್ಲ. ಮನ್ಯಾಗ ‘ಏ’, ಹೊರಗ ‘ನಮ್ಮಾಕಿ’. ಆಕಿ ಸಾಲಿನ ಕಡೀಕ ಕೂತಿರ್ತಿದ್ದಳು, ಕಣ್ಣಿಲೆ ನೋಡಿ ಕೆಳಗ ಇಳೀತಿದ್ದೆ. ಈಗ ಕಣ್ಣಿಲೆ ನೋಡಾಕ ಆಕಿ ಇರಲಿಲ್ಲ.

ಮೈಕ್ ಇನ್ನೂ ಸಮೀಪ ಹಿಡದೆ.

‘ಶಿವಬಸವ್ವ.’

ಡಬ್ಬ್ಯಾಗಿನ ಹುಳದಂಥಾ ಆ ದನಿ ಸ್ಪೀಕರಿನಿಂದ ಹೊರಟು ಹೊಲದ ಮ್ಯಾಲ ಹೋತು. ಬಾಜೂ ದಿಂಡಿಯವರು ಏನದು ಅಂತ ಹೊಳ್ಳಿ ನೋಡಿದ್ರು. ಎರಡನೇ ಸಲ ಕರದೆ. ಸುತ್ತಿನ ಎರಡು ಸ್ಪೀಕರು ಸುಮ್ಮನಾದ್ವು. ಮೂರನೇ ಸಲ ‘ಶಿವಬ’ ಅನ್ನೂದ್ರಾಗ ಮಷಿನ್ ನಿಂತಿತು. ನಾ ಗುಂಡಿ ಅದುಮಿ ಅದುಮಿ ಬಾಯಿ ಆಡಿಸಿದೆ. ತುಟಿ ಅಷ್ಟ ಆಡಿದ್ವು. ಕೆಳಗ ಇಳೀಲಿಲ್ಲ, ಅಲ್ಲೇ ನಿಂತೆ.

ಸ್ವಲ್ಪ ಹೊತ್ತಿನ ಮ್ಯಾಲ ಎರಡು ಹೊಲ ಆಚೆ ಡೇರೆ ಸಂದ್ಯಾಗಿಂದ ಆಕಿ ಬಂದಳು. ಮೊಣಕಾಲತನಕ ಕೆಸರು, ಛತ್ರಿ ಕಡ್ಡಿ ಮುರದು ಜೋತಾಡತಿದ್ವು. ಹಳೇ ಜಾಗಾಕ್ಕ ಹೋಗಿ ಟ್ರಕ್ಕು ಕಾಣದ ದಿಕ್ಕು ತಪ್ಪಿದ್ದಳಂತ. ಮೈಕಿನ್ಯಾಗ ಎಷ್ಟೋ ಹೆಸರು ಕೇಳಿದ್ವಂತ, ತನ್ನ ಹೆಸರ ಕರದ್ರೂ ಕಿವಿಗೆ ಬೀಳಲಿಲ್ಲಂತ. ಈ ದನಿ ಬಂದ ಕೂಡಲೆ ಕಾಲು ತಾವ ತಿರುಗಿದ್ವು ಅಂತ ಮುದುಕ್ಯಾರ ಮುಂದ ಹೇಳಿದಳು. ನನ್ನ ಮುಂದ ಬಂದು ನಿಂತು ಬ್ಯಾರೇನ ಹೇಳಿದಳು.

‘ಅರ್ಧಾ ಹೆಸರಿಗೇ ನಿಂತಿತಲ್ರಿ. ಉಳದ ಅರ್ಧಾ?’

ನಾ ಧಡಪಡಿಸಿ ಇಳ್ಕೊಂಡು ಚೀಲಕ್ಕ ಕೈ ಹಾಕಿದೆ. ಆಕಿ ಕೈ ಮ್ಯಾಲ ಹೊಡದಳು. ಪವರ್ ಬ್ಯಾಂಕ್ ತಗದು ಹಿಂಗೈ ಇಟ್ಟು ನೋಡಿದಳು, ವೈರು ಹಚ್ಚೋ ತೂತಿನ್ಯಾಗ ಇಣುಕಿದಳು. ಛತ್ರಿ ಮುರದಾಗ ಮಳಿ ಹನಿ ಬಿದ್ದಾವ, ಇನ್ನಾ ಹಸಿ ಅದ, ಆರಲಿ ಅಂದಳು. ನಾ ಕೈಯಾಡಿಸಿದೆ, ಹಣಿ ಬಡಕೊಂಡೆ, ಆ ಹೆಣಮಗಳು ಕೇಳಲಿಲ್ಲ. ಒಣಾ ಸೆರಗಿನ ಚುಂಗಿಲೆ ಒರಸಿ, ಟ್ರಕ್ಕಿನಿಂದ ದೂರ ಡೇರೇದಾಗ ಒಂದು ಕಲ್ಲಿನ ಮ್ಯಾಲ ಗಾಳಿಗೆ ಇಟ್ಟು, ಬಾಜೂಕ ಕೂತಳು.

ನಾನೂ ಕೂತೆ. ಎದಿ ತುಂಬ ಮಾತು ಇತ್ತು. ಎಲ್ಲಿ ಹಾಳಾಗಿ ಹೋಗಿದ್ದೀ ಅಂತ ಬೈಯೂದು ಇತ್ತು, ನೀ ಇಲ್ಲದ ನನಗ ಕೈಕಾಲು ಆಡಲಿಲ್ಲ ಅಂತ ಹೇಳೂದಿತ್ತು. ಒಂದೂ ಹೊರಡಂಗಿರಲಿಲ್ಲ. ಆಕಿ ಕೈ ಹಿಡಕೊಂಡು ಕೂತೆ, ನಾಕು ಮಂದ್ಯಾಗ. ಆಕಿ ಬಿಡಿಸಿಕೊಳ್ಳಲಿಲ್ಲ. ಮಧುಕರ್ ಬಡಸಾಕ ಹೇಳಲಿಲ್ಲ. ಪಾತ್ರಿ ಮ್ಯಾಲಿನ ಮುಚ್ಚಳ ಯಾರೂ ತಗೀಲಿಲ್ಲ, ಹಸದ ಮುದುಕರೆಲ್ಲಾ ನಮ್ಮ ಸುತ್ತ ಬಂದು ಆ ಕಲ್ಲು ನೋಡಿಕೋತ ಕೂತ್ರು.

ಭಾಳ ಹೊತ್ತಿನ ಮ್ಯಾಲ ಆಕಿ ಪವರ್ ಬ್ಯಾಂಕ್ ಎತ್ತಿ ತೂತು ನೋಡಿ, ಗಲ್ಲಕ್ಕ ಹಚ್ಚಿ ನೋಡಿ, ಹೂಂ ಅಂದಳು. ತಾನ ವೈರು ಹಚ್ಚಿದಳು. ಮಷಿನ್ನಿನ ದೀಪ ಹತ್ತಿತು. ಅದಕ್ಕ ಸ್ವಲ್ಪ ಜೀವ ತುಂಬಲಿ ಅಂತ ಮತ್ತ ಕಾಯಿಸಿ, ಆಮ್ಯಾಲ ವೈರು ತಗದು ಮಷಿನ್ ನನ್ನ ಕೈಯಾಗ ಇಟ್ಟಳು. ನಾ ಎದ್ದು ಹೋಗಿ ಹಲಗಿ ಮ್ಯಾಲ ನಿಂತೆ. ಆಕಿ ಸಾಲಿನ ಕಡೀಕ ಹೋಗಿ ತನ್ನ ಜಾಗಾದಾಗ ಕೂತು ಸೆರಗು ಸರಿ ಮಾಡಿಕೊಂಡಳು.

‘ಶಿವಬಸವ್ವ.’

‘ಓ’ ಅಂದಳು.

ಆಮ್ಯಾಲ ನಮ್ಮ ದಿಂಡಿ ಉಣ್ಣಾಕ ಕೂತಿತು.